ಪ್ರೂಫಣ್ಣನ ಸೈಟು

ಅಕ್ಷರಕ್ಕೆ ತೂಕವಿದ್ದ ಕಾಲ ಅದು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಕೈಯಲ್ಲಿ ಜೋಡಿಸಿ, ದಾರ ಸುತ್ತಿ, ಮಸಿ ಬಳಿದು ಅಚ್ಚು ಹಾಕುತ್ತಿದ್ದರು. ಜೋಡಿಸಿದ ಪುಟ ಕೈಜಾರಿ ಬಿದ್ದರೆ ಒಬ್ಬ ಮನುಷ್ಯನ ಇಡೀ ದಿನವೇ ನೆಲಕ್ಕೆ ಬಿದ್ದ ಹಾಗೆ. ಸೀಮೆಎಣ್ಣೆ, ಮಸಿ, ಹಳೇ ಕಾಗದ ಎಲ್ಲ ಸೇರಿ ಒಂದು ಘಾಟು ಏಳುತ್ತಿತ್ತಲ್ಲ, ಅದನ್ನು ಒಮ್ಮೆ ಮೂಸಿದವರು ಇವತ್ತಿಗೂ ಮರೆತಿರಲಾರರು. ಅಂಥ ಒಂದು ಪ್ರೆಸ್ಸಿನ ಹಿಂಬದಿಯಲ್ಲಿ, ಕಿಟಕಿ ಪಕ್ಕದ ಮೇಜಿನ ಮುಂದೆ, ಕಿವಿಗೆ ಕೆಂಪು ಪೆನ್ಸಿಲ್ ಸಿಕ್ಕಿಸಿಕೊಂಡು ಕೂತಿರುತ್ತಿದ್ದವನೇ ನಮ್ಮ ಪ್ರೂಫಣ್ಣ.

ಅಪ್ಪ ಅಮ್ಮ ಇಟ್ಟ ಹೆಸರೂ ಅವನಿಗೊಂದಿತ್ತು. ಸಂಬಳದ ದಿನ ರುಜು ಹಾಕುವಾಗ ಮಾತ್ರ ಅದು ಹೊರಗೆ ಬರುತ್ತಿತ್ತು. ಅಚ್ಚಾಗುವ ಮೊದಲು ತಪ್ಪು ಹಿಡಿಯುವುದು ಅವನ ಕೆಲಸ, ಅಚ್ಚಾದ ಮೇಲೂ ಹಿಡಿಯುವುದು ಅವನ ಚಾಳಿ. ಒಮ್ಮೆ ಕ್ಷೌರದಂಗಡಿಯಲ್ಲಿ ಅರ್ಧ ಮುಖಕ್ಕೆ ಸೋಪು ಮೆತ್ತಿಸಿಕೊಂಡು ಕೂತಿದ್ದಾಗ, ಕನ್ನಡಿಯಲ್ಲಿ ಕಂಡ ಎದುರಂಗಡಿ ಬೋರ್ಡಿನಲ್ಲಿ ಒಂದು ಒತ್ತಕ್ಷರ ತಪ್ಪಿದೆ ಅನ್ನಿಸಿ, ಅದೇ ಮುಖದಲ್ಲಿ ಬೀದಿ ದಾಟಿ ಹೋಗಿ ಖಚಿತ ಮಾಡಿಕೊಂಡು ಬಂದಿದ್ದ. ಮನೆಯಲ್ಲಿ ಹೆಂಡತಿ, "ರೀ, ಹಾಲು ಉಕ್ಕೋಯ್ತು" ಎಂದು ಕೂಗಿದರೆ, "ಉಕ್ಕಿಹೋಯಿತು ಅನ್ನು" ಎಂದು ಮೊದಲು ತಿದ್ದಿ, ಆಮೇಲೆ ಒಲೆ ಆರಿಸಲು ಏಳುತ್ತಿದ್ದ.

ಬೇಸಿಗೆ ರಜದ ಒಂದು ಮಧ್ಯಾಹ್ನ ಆ ಪ್ರೆಸ್ಸಿಗೆ ಪಿಯಾನೋ ಮೇಡಮ್ ಬಂದರು. ಶಾಲೆಯಲ್ಲಿ ಮಕ್ಕಳಿಗೆ ಪಿಯಾನೋ ಕಲಿಸುತ್ತಲೇ ತಲೆ ನರೆಸಿಕೊಂಡವರು. ಒಣಕಲು ಮೈ, ನೆಟ್ಟಗಿನ ಬೆನ್ನು, ದಪ್ಪ ಗಾಜಿನ ಕನ್ನಡಕ. ಕಂಕುಳಲ್ಲೊಂದು ಕಾಗದದ ಸುರುಳಿ. ಹೊಸದಾಗಿ ಪಿಯಾನೋ ಕಲಿಯುವವರಿಗೆಂದು ತಾವೇ ಕಟ್ಟಿದ ಪಾಠಗಳು ಅದರಲ್ಲಿದ್ದವು. ಶಾಲೆ ತೆರೆಯುವುದರೊಳಗೆ ಅವು ಪುಸ್ತಕವಾಗಬೇಕು.

ಪ್ರೆಸ್ಸಿನ ಯಜಮಾನರು ಸುರುಳಿ ಬಿಚ್ಚಿದರು. ಐದೈದು ಗೆರೆಗಳ ಸಾಲು, ಗೆರೆಗಳಿಗೆ ಜೋತುಬಿದ್ದ ಕರಿ ಗುಂಡುಗಳು.

"ಇದಕ್ಕೆ ನಮ್ಮಲ್ಲಿ ಅಕ್ಷರ ಇಲ್ಲ ಮೇಡಮ್. ಬ್ಲಾಕ್ ಮಾಡೋನ ಹತ್ರ ಹೊಸದಾಗಿ ಬರೆಸಿ, ಚಿತ್ರದ ಹಾಗೆ ಲೋಹದ ತಗಡಲ್ಲಿ ಬ್ಲಾಕ್ ಮಾಡಿಸ್ಬೇಕು. ಅವನಿಗೆ ಸಂಗೀತದ ಗಂಧ ಇಲ್ಲ. ತಪ್ಪು ಬಿದ್ರೆ ಹಿಡಿಯೋರು ಯಾರು?"

"ಮೂಲದ ಜೊತೆ ತಾಳೆ ನೋಡೋಣ ಅಂದ್ರೆ ಅದು ಪೆನ್ಸಿಲ್ಲಲ್ಲಿ ಬರೆದದ್ದು, ಅಲ್ಲಲ್ಲಿ ಮಾಸಿಹೋಗಿದೆ" ಎಂದರು ಮೇಡಮ್. "ಸರಿಯಾದ ಪ್ರತಿ ಇರೋದು ನನ್ನ ಕಿವೀಲಿ ಮಾತ್ರ. ಪ್ರೂಫ್ ನೋಡ್ಕೊಂಡು ಯಾರಾದ್ರೂ ನುಡಿಸಿದ್ರೆ, ಕೇಳಿ ತಪ್ಪು ಹೇಳ್ತೀನಿ. ಅದಕ್ಕೆ ಸೈಟ್ ರೀಡಿಂಗ್ ಬರಬೇಕು. ನಿಮ್ಮಲ್ಲಿ ಯಾರಿಗಾದ್ರೂ ಬರುತ್ತಾ?"

ರೀಡಿಂಗ್ ಎಂಬ ಪದ ಕಿವಿಗೆ ಬಿದ್ದದ್ದೇ ತಡ, ಪ್ರೂಫಣ್ಣ ಎದ್ದು ನಿಂತ.

"ಈ ಪ್ರೆಸ್ಸಲ್ಲಿ ರೀಡಿಂಗ್ ಅಂತ ಏನಿದ್ರೂ ನಂದೇ ಮೇಡಮ್. ಕಾಗದದ ಮೇಲೆ ಮಸಿ ಬಿದ್ದಿದ್ರೆ ಸಾಕು, ಓದ್ತೀನಿ."

"ನೋಡಿದ ಕೂಡ್ಲೇ ಓದಬೇಕು."

"ತಿರುಗುಮುರುಗಾಗಿದ್ರೂ ಓದ್ತೀನಿ."

ಅದೇನೋ ನಿಜವೇ. ಸೀಸದ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡ ಹಾಗೆ ಓದಿ ಓದಿ ಅವನಿಗೆ ಬಲದಿಂದ ಎಡಕ್ಕೂ ಸಲೀಸಾಗಿ ಓದು ಬರುತ್ತಿತ್ತು. ಯಜಮಾನರ ಮುಖ ಅರಳಿತು. ಹೀಗೆ, ಜೀವಮಾನದಲ್ಲಿ ಪಿಯಾನೋದ ಮುಚ್ಚಳವನ್ನೂ ಎತ್ತಿ ನೋಡದವನೊಬ್ಬ ಆ ಪುಸ್ತಕಕ್ಕೆ ಹೊಣೆಗಾರನಾದ.

ಬ್ಲಾಕಿನ ಮೊದಲ ಪ್ರೂಫುಗಳು ಬಂದ ಸಂಜೆ ಪ್ರೂಫಣ್ಣ ಅವನ್ನು ಸುರುಳಿ ಸುತ್ತಿಕೊಂಡು ಮೇಡಮ್ ಮನೆಗೆ ಹೋದ. ಹಳೇ ನೀರಿನ ಟ್ಯಾಂಕಿನ ಹಿಂದಿನ ಬೀದಿಯಲ್ಲಿ ಹೆಂಚಿನ ಮನೆ. ಮುಂದಿನ ಕೋಣೆಯನ್ನು ಪಿಯಾನೋವೇ ಅರ್ಧ ನುಂಗಿತ್ತು. ಮೇಡಮ್ ಪ್ರೂಫಿನ ಹಾಳೆಯೊಂದನ್ನು ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು.

"ಚೆನ್ನಾಗಿ ಬಂದಿದೆ" ಎಂದರು.

"ಬಂದಿದೆ. ಆದ್ರೆ ದೊಡ್ಡ ತಪ್ಪೊಂದಿದೆ ಮೇಡಮ್. ಗುಂಡುಗಳಿಗೆ ಕೊಂಬಿದೆ ನೋಡಿ, ಕೆಲವಕ್ಕೆ ಮೇಲಕ್ಕಿದೆ, ಕೆಲವಕ್ಕೆ ಕೆಳಕ್ಕಿದೆ. ತಲೆಕೆಳಗಾಗಿರೋದಕ್ಕೆಲ್ಲ ಕೆಂಪಲ್ಲಿ ಗುರುತು ಹಾಕಿದ್ದೀನಿ. ಅರ್ಧಕ್ಕರ್ಧ ತಲೆಕೆಳಗೆ."

ಮೇಡಮ್ ಹಾಳೆ ಹಿಡಿದುಕೊಂಡೇ ಅವನ ಕಡೆ ತಿರುಗಿದರು.

"ಕೊಂಬು ಎರಡು ಕಡೆಗೂ ಇರೋದೇ. ನಿಮಗೆ ಸಂಗೀತ ಓದೋಕೆ ಬರಲ್ಲ" ಎಂದರು.

ಪ್ರೂಫಣ್ಣ ತಲೆತಗ್ಗಿಸಿದ. ತಗ್ಗಿಸಿದ ಕಣ್ಣಿಗೆ ಹಾಳೆಯ ಮೂಲೆಯ ಪುಟಸಂಖ್ಯೆ ಬಿತ್ತು. ಅವನ ಚಾಳಿ ಬಿಡಲಿಲ್ಲ.

"ನೀವು ಹಾಳೇನ ತಲೆಕೆಳಗಾಗಿ ಹಿಡಿದಿದ್ದೀರಿ ಮೇಡಮ್."

ಮೇಡಮ್ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕೂತರು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಬೆಳಕು ಕತ್ತಲೆ ಗೊತ್ತಾಗುತ್ತದೆ, ಮಿಕ್ಕದ್ದೆಲ್ಲ ಮಂಜು. ಆಪರೇಷನ್ ಮಾಡಿಸಿಕೊಳ್ಳಲು ಭಯ. ಶಾಲೆಗೆ ತಿಳಿದರೆ ಒಂದು ಹಾರ ಹಾಕಿ, ಒಂದು ಭಾಷಣ ಮಾಡಿ ಮನೆಗೆ ಕಳಿಸುತ್ತಾರೆ. ಇದನ್ನೆಲ್ಲ ಅವರು ಬೇರೆ ಯಾರದೋ ವಿಷಯದ ಹಾಗೆ ಹೇಳಿದರು.

"ನನಗೆ ನುಡಿಸಿ ತೋರಿಸೋಕೆ ಹಳೇ ವಿದ್ಯಾರ್ಥಿಗಳು ಬೇಕಾದಷ್ಟಿದ್ದಾರೆ. ಕರೆದ್ರೆ ಗುಟ್ಟು ರಟ್ಟಾಗುತ್ತೆ. ಅದಕ್ಕೇ ಪ್ರೆಸ್ಸಿಗೆ ಬಂದೆ. ಬರುತ್ತೆ ಅಂತ ನೀವು ನಿಮ್ಮ ಯಜಮಾನರಿಗೆ ಹೇಳಿದ್ದೀರಿ. ಕಾಣುತ್ತೆ ಅಂತ ನಾನು ಶಾಲೆಗೆ ಹೇಳಿದ್ದೀನಿ. ಇಬ್ಬರೂ ಸರಿಯಾಗಿದ್ದೀವಿ. ಕೂತ್ಕೊಳ್ಳಿ, ಮೊದಲನೇ ಪಾಠದಿಂದ ಶುರು ಮಾಡೋಣ. ಒಂದು ಮಾತು, ಇದು ಯಾರಿಗೂ ತಿಳೀಬಾರ್ದು. ನಿಮ್ಮ ಮನೇಲೂ ಹೇಳೋ ಹಾಗಿಲ್ಲ."

ಅಂದಿನಿಂದ ಪ್ರೆಸ್ ಮುಗಿದ ಮೇಲೆ ದಿನಾ ಸಂಜೆ ಪಾಠ. ತಾನು ತಿದ್ದಬೇಕಾದ ಪುಸ್ತಕವನ್ನೇ ಕಲಿಯಬೇಕಾದ ಪಾಡು ಯಾವ ಪ್ರೂಫ್ ರೀಡರಿಗೂ ಬಂದಿರಲಾರದು. ಹಾರ್ಮೋನಿಯಂನವರು ಹೇಳುವ ಹಾಗೆ ಮೇಡಮ್ ಪಿಯಾನೋದ ಒಂದೊಂದು ಪಟ್ಟಿಗೂ ಮನೆ ಎನ್ನುತ್ತಿದ್ದರು. ಬಿಳಿ ಮನೆ, ಕರಿ ಮನೆ. ಯಾವ ಗೆರೆಯ ಗುಂಡಿಗೆ ಯಾವ ಮನೆ ಎಂದು ಪ್ರೂಫಣ್ಣ ಬೇಗ ಕಲಿತ. ಓದುವುದರಲ್ಲಿ ಅವನು ಪಳಗಿದ ಎತ್ತು. ಅವನ ರೋಗ ಬೇರೆಯೇ ಇತ್ತು. ಒಂದು ಸ್ವರ ತಪ್ಪಿದರೆ ಸಾಕು, ಕೈ ನಿಲ್ಲುತ್ತಿತ್ತು. "ಕ್ಷಮಿಸಿ" ಎನ್ನುವನು, ಹಿಂದಕ್ಕೆ ಹೋಗುವನು, ಸರಿಪಡಿಸುವನು, ಮುಂದಕ್ಕೆ ಬರುವನು, ಮತ್ತೆ ತಪ್ಪುವನು. ಒಂದು ಸಾಲು ಮುಗಿಯುವುದರೊಳಗೆ ಬೀದಿ ದೀಪ ಹತ್ತಿಕೊಳ್ಳುತ್ತಿತ್ತು.

"ಇದು ಪ್ರೂಫ್ ಅಲ್ಲ" ಎನ್ನುತ್ತಿದ್ದರು ಮೇಡಮ್. "ನುಡಿಸಿದ ಮೇಲೆ ಅದು ಹೋಯ್ತು. ಹೋಗಿದ್ದನ್ನ ತಿದ್ದೋಕಾಗಲ್ಲ. ಕಣ್ಣು ಮುಂದಿನ ಸ್ವರದ ಮೇಲಿರಲಿ. ಏನೇ ಆದ್ರೂ ನಿಲ್ಲಬೇಡಿ."

"ತಪ್ಪನ್ನ ಹಾಗೇ ಬಿಟ್ಟು ಹೋಗೋದಾ ಮೇಡಮ್?"

"ಹಾಗೇ ಬಿಟ್ಟು ಹೋಗೋದು."

ಅವನಿಗೆ ಅದು ಬಾಗಿಲು ತೆರೆದಿಟ್ಟು ಊರಿಗೆ ಹೋದಷ್ಟು ಸಂಕಟದ ಮಾತಾಗಿ ಕೇಳುತ್ತಿತ್ತು.

ಇತ್ತ ಮನೆಯಲ್ಲಿ ಏನಾಯಿತು ಕೇಳಿ. ಗಂಡ ಹೆಂಡತಿ ಇಬ್ಬರೇ ಇದ್ದ ಬಾಡಿಗೆ ಮನೆ ಅದು, ಓನರ ಮನೆಯ ಮೇಲಂತಸ್ತು. ಸ್ವಂತಕ್ಕೊಂದು ಸೈಟು, ಅದರಲ್ಲೊಂದು ಮನೆ ಎಂದು ಹೆಂಡತಿ ಮದುವೆಯಾದ ವರ್ಷದಿಂದ ಹೇಳುತ್ತಿದ್ದಳು, ಪ್ರೂಫಣ್ಣ ಅದೇ ವರ್ಷದಿಂದ ಹೂಂ ಎನ್ನುತ್ತಿದ್ದ. ಮೊದಲ ವಾರದ ಒಂದು ಸಂಜೆ ಅವನು ಕಾಫಿ ಕುಡಿದು ಮತ್ತೆ ಚಪ್ಪಲಿ ಮೆಟ್ಟಿಕೊಂಡಾಗ ಅವಳು ಕೇಳಿದಳು.

"ದಿನಾ ಇದೆಲ್ಲಿಗೆ?"

ಸುಳ್ಳು ಹೇಳಲು ಬರದ ಮನುಷ್ಯ, ನಿಜ ಹೇಳುವಂತಿಲ್ಲ. ಮೆಟ್ಟಿಲಿಳಿಯುತ್ತಲೇ, "ಸೈಟ್ ರೀಡಿಂಗು" ಎಂದು ಗೊಣಗಿ ಹೋಗಿಬಿಟ್ಟ.

ಅಡುಗೆಮನೆಯಲ್ಲಿದ್ದವಳಿಗೆ ಕೇಳಿಸಿದ್ದು, ಸೈಟ್ ರೆಡಿ ಎಂದು.

ಅವಳು ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು. ಗಂಡ ತನಗೂ ಹೇಳದೆ ಸೈಟು ನೋಡಿದ್ದಾನೆ, ಎಲ್ಲ ಮುಗಿಸಿ ಒಂದು ದಿನ ಕೈಹಿಡಿದು ಕರೆದುಕೊಂಡು ಹೋಗಿ ನಿಲ್ಲಿಸುತ್ತಾನೆ. ಎಂಥ ಗಟ್ಟಿ ಮನುಷ್ಯ. ತಾನೂ ಬಾಯಿ ಬಿಡಬಾರದು ಎಂದು ಅವಳು ಶಪಥ ಮಾಡಿದಳು. ಆ ಶಪಥ ಎದುರುಮನೆಯಾಕೆ ಸಕ್ಕರೆ ಸಾಲ ಕೇಳಲು ಬರುವ ತನಕ ನಿಂತಿತು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಪ್ರೂಫಣ್ಣ ಚಾಪೆಯ ಮೇಲೆ ಕಣ್ಣುಮುಚ್ಚಿದ್ದ. ಬೆರಳುಗಳು ಹೊಟ್ಟೆಯ ಮೇಲೆ ತಾವೇ ಕುಣಿಯುತ್ತಿದ್ದವು, ತುಟಿ ಅಲುಗುತ್ತಿತ್ತು. "ಮೂರನೇ ಮನೆ. ನಾಲ್ಕನೇ ಮನೆ. ಅಯ್ಯೋ, ಫ್ಲಾಟ್ ಮರೆತೆ."

ಸ್ವರವನ್ನು ಅರ್ಧ ಮೆಟ್ಟಿಲು ಕೆಳಗಿಳಿಸು ಎಂದು ಹೇಳುವ ಒಂದು ಪುಟ್ಟ ಚಿಹ್ನೆಗೆ ಸಂಗೀತದಲ್ಲಿ ಫ್ಲಾಟ್ ಎನ್ನುತ್ತಾರೆ. ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದ ಹೆಂಡತಿಗೆ ಅದು ಗೊತ್ತಿರಬೇಕಾದ ಕಾರಣವಿಲ್ಲ. ಸೈಟು ಹೋಗಲಿ, ಮರೆತುಬಿಡುವಷ್ಟು ಸಲೀಸಾಗಿ ಇವರ ಹತ್ತಿರ ಫ್ಲಾಟೂ ಇದೆ ಎಂದುಕೊಂಡು ಅವಳು ಅಂಗಿ ಮಡಿಸುವುದನ್ನೇ ನಿಲ್ಲಿಸಿದಳು.

ಸುದ್ದಿ ಮೆಟ್ಟಿಲಿಳಿಯಿತು. ಅಲ್ಲಿಯವರೆಗೆ "ಏನಪ್ಪಾ ಪ್ರೂಫಣ್ಣ, ನಲ್ಲಿ ತಿರುಗಿಸಿ ಬಿಟ್ಟಿದ್ದೀಯಲ್ಲ" ಎನ್ನುತ್ತಿದ್ದ ಓನರು ಒಂದು ಬೆಳಿಗ್ಗೆ ಗೇಟಿನ ಹತ್ತಿರ ಅವನನ್ನು ಕಂಡು ಹೆಗಲ ಮೇಲಿನ ಟವೆಲ್ ತೆಗೆದರು.

"ಪ್ರೂಫಣ್ಣನವರೇ, ವಿಷಯ ಗೊತ್ತಾಯ್ತು."

ಪ್ರೂಫಣ್ಣ ತೆಗೆಯುತ್ತಿದ್ದ ಗೇಟನ್ನು ಮತ್ತೆ ಮುಚ್ಚಿದ. ಮೇಡಮ್ ಗುಟ್ಟು ಹೊರಬಿತ್ತೆಂದೇ ಅವನು ತಿಳಿದ.

"ಯಾರು ಹೇಳಿದ್ರು ಸಾರ್?"

"ಇಂಥದ್ದೆಲ್ಲ ಎಷ್ಟು ದಿನ ಮುಚ್ಚಿಡೋಕಾಗುತ್ತೆ? ಎರಡು ಫ್ಲಾಟ್ ಇದೆಯಂತೆ?"

ಎರಡು ಫ್ಲಾಟಿನ ಪಾಠಕ್ಕೆ ಬಂದು ಇನ್ನೂ ಎರಡು ದಿನವಾಗಿತ್ತಷ್ಟೆ. ಇವರಿಗೆ ಇಷ್ಟು ನಿಖರವಾಗಿ ತಿಳಿದದ್ದು ಹೇಗೆಂದು ಅವನಿಗೆ ಅರ್ಥವಾಗಲಿಲ್ಲ.

"ಇದೆ ಸಾರ್. ಶುರುವಿನಲ್ಲಿ ಒಂದೇ ಇತ್ತು. ಈಗ ಎರಡು. ಮುಂದೆ ಮೂರೂ ಬರಬಹುದು ಅಂತಾರೆ. ಅಷ್ಟು ನನ್ನ ಕೈಲಾಗಲ್ಲ."

ಓನರು ಟವೆಲ್ಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ದನಿ ತಗ್ಗಿಸಿ, "ಕಪ್ಪೋ ಬಿಳುಪೋ?" ಎಂದರು.

"ಇಷ್ಟು ದಿನ ಬರೀ ಬಿಳೀದ್ರಲ್ಲೇ ನಡೀತಿತ್ತು ಸಾರ್. ಈಗೀಗ ಕರೀದಕ್ಕೂ ಕೈ ಹಾಕ್ತಾ ಇದ್ದೀನಿ. ದಯವಿಟ್ಟು ಯಾರಿಗೂ ಹೇಳ್ಬೇಡಿ. ಒಬ್ಬರ ಕೆಲಸ ಹೋಗುತ್ತೆ."

"ನನ್ನ ಬಾಯಿಂದ ಬರಲ್ಲ ಬಿಡಿ" ಎಂದು ಓನರು ಮಾತು ಕೊಟ್ಟರು. ಹತ್ತು ವರ್ಷದಿಂದ ಸೋರುತ್ತಿದ್ದ ಮೇಲಂತಸ್ತಿನ ನಲ್ಲಿ ಅವತ್ತು ಮಧ್ಯಾಹ್ನವೇ ರಿಪೇರಿಯಾಯಿತು. ಪ್ರೂಫಣ್ಣನಿಗೋಸ್ಕರ ಅಲ್ಲ. ಸೈಟು, ಫ್ಲಾಟು ಇರುವವನು ಇನ್ನೆಷ್ಟು ದಿನ ಬಾಡಿಗೆಗಿದ್ದಾನು? ಆ ಮನೆಯನ್ನು ಓನರು ಆಗಲೇ ಒಬ್ಬ ಬ್ಯಾಂಕ್ ಕ್ಯಾಷಿಯರಿಗೆ ಕೊಡುವುದಾಗಿ ಒಪ್ಪಿಕೊಂಡಾಗಿತ್ತು.

ಕೊನೆಗೆ ಸುದ್ದಿ ಮುಟ್ಟಬಾರದವರಿಗೆ ಮುಟ್ಟಿತು. ಪ್ರೂಫಣ್ಣನ ಭಾವಮೈದ ಕಟ್ಟಡದ ಕಂಟ್ರಾಕ್ಟರ್. ಕಂಟ್ರಾಕ್ಟರ್ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಕಟ್ಟಿದ್ದು ಎರಡು ಕಾಂಪೌಂಡು, ಒಂದು ತೊಟ್ಟಿ. ಅವನು ಕಂಕುಳಲ್ಲಿ ಅಳತೆ ಟೇಪು ಇಟ್ಟುಕೊಂಡೇ ಬಂದು ಭಾವನ ಎದುರು ಕೂತ.

"ಭಾವ, ನನ್ನ ಹತ್ರಾನೂ ಮುಚ್ಚಿಟ್ರಲ್ಲ."

"ನಿನಗೂ ಗೊತ್ತಾಯ್ತಾ?" ಎಂದು ಪ್ರೂಫಣ್ಣ ಹೆಂಡತಿಯ ಕಡೆ ನೋಡಿದ. ಅವಳು ಸೆರಗಿನ ತುದಿ ನೋಡಿಕೊಳ್ಳುತ್ತಿದ್ದಳು. ಇವಳಿಗೂ ಗೊತ್ತಿದೆ, ಗೊತ್ತಿದ್ದೂ ನಗಾಡಲಿಲ್ಲ ಎಂದು ಅವನಿಗೆ ಹೆಂಡತಿಯ ಮೇಲೆ ತುಂಬಾ ಪ್ರೀತಿ ಬಂತು.

"ಅಳತೆ ಹೇಳಿ ಭಾವ."

ತಾಳದ ಲೆಕ್ಕವನ್ನು ಮೇಡಮ್ ಅಳತೆ ಎಂದೇ ಕರೆಯುತ್ತಿದ್ದರು. "ನಾಲ್ಕು ನಾಲ್ಕು ಇತ್ತು. ಈಗ ಬಂದಿರೋದು ಮಾತ್ರ ಮೂರು ನಾಲ್ಕು."

ಭಾವಮೈದ ಅಕ್ಕನ ಕಡೆ ತಿರುಗಿ ಕಣ್ಣು ಮಿಟುಕಿಸಿದ. ಸೊನ್ನೆ ನುಂಗಿ ಹೇಳುತ್ತಿದ್ದಾರೆ, ಮೂವತ್ತು ನಲವತ್ತು ಎಂದರ್ಥ. "ಕಷ್ಟ ಏನಾದ್ರೂ ಇದೆಯಾ ಭಾವ ಅದರಲ್ಲಿ?"

"ಬಲಗಡೇದು ತೊಂದ್ರೆ ಇಲ್ಲ. ಎಡಗಡೇದೇ ಸರಿಹೋಗ್ತಿಲ್ಲ. ಎರಡನ್ನೂ ಕೂಡಿಸೋಕೆ ಹೋದ್ರೆ ಜಗಳ."

"ಎಡಗಡೆಯೋರ ಹತ್ರ ನಾನು ಮಾತಾಡ್ತೀನಿ" ಎಂದ ಭಾವಮೈದ ಗಂಭೀರವಾಗಿ.

ಹೀಗೆ ಎಲ್ಲರೂ ಎಲ್ಲವನ್ನೂ ತಿಳಿದುಕೊಂಡಿದ್ದರು. ಯಾರಿಗೂ ಏನೂ ಗೊತ್ತಿರಲಿಲ್ಲ.

ಶಾಲೆ ತೆರೆಯಲು ವಾರವಿತ್ತು. ಕೊನೆಯ ಪಾಠವೊಂದು ಬಿಟ್ಟು ಮಿಕ್ಕದ್ದೆಲ್ಲ ಅಚ್ಚಾಗಿತ್ತು. ಅದರ ಪ್ರೂಫು ಆ ಸಂಜೆ ತಿದ್ದಿದರೆ ಬೆಳಿಗ್ಗೆ ಮೆಷಿನ್ನಿಗೆ, ಇಲ್ಲದಿದ್ದರೆ ಪುಸ್ತಕ ಬೈಂಡಿಂಗಿಗೆ ಹೋಗದು, ಶಾಲೆ ತೆರೆಯುವ ದಿನಕ್ಕೆ ಸಿಗದು. ಆ ಪಾಠವನ್ನು ಪ್ರೂಫಣ್ಣ ಹಿಂದೆಂದೂ ನೋಡಿರಲಿಲ್ಲ. ನೋಡಿದ ಕೂಡಲೇ ನುಡಿಸಬೇಕು, ಎರಡೂ ಕೈಯಲ್ಲಿ. ಅವನು ಪ್ರೂಫನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇರುಕಿಕೊಂಡು ಮನೆಯಿಂದ ಹೊರಟ.

ಅದೇ ಹೊತ್ತಿಗೆ ಗೇಟಿನ ಮುಂದೆ ಒಂದು ಲಾರಿ ಜಲ್ಲಿ ಬಂದು ನಿಂತಿತ್ತು. ಅಗ್ಗಕ್ಕೆ ಸಿಕ್ಕಿತೆಂದು ಭಾವಮೈದ ಹೇಳಿಬಿಟ್ಟಿದ್ದ. ಡ್ರೈವರ್ ಸೈಟ್ ಎಲ್ಲಿ ಎಂದು ಕೇಳಿದ. ಯಾರಿಗೂ ಗೊತ್ತಿರಲಿಲ್ಲ.

"ಭಾವ ನಕ್ಷೆ ಹಿಡ್ಕೊಂಡು ಅಲ್ಲಿಗೇ ಹೋಗ್ತಿದ್ದಾರೆ, ಕಂಕುಳಲ್ಲಿ ನೋಡು" ಎಂದ ಭಾವಮೈದ. "ಹಿಂದೇನೇ ನಡಿ."

ಮುಂದೆ ಪ್ರೂಫಣ್ಣ. ಇಪ್ಪತ್ತು ಮಾರು ಹಿಂದೆ ಹೆಂಡತಿ, ಭಾವಮೈದ, ಒಗೆದ ಅಂಗಿ ತೊಟ್ಟ ಓನರು. ಅವರ ಹಿಂದೆ ಮೊದಲ ಗೇರಿನಲ್ಲಿ ನರಳುತ್ತ ಜಲ್ಲಿಯ ಲಾರಿ. ಬೀದಿಯವರು ಬಾಗಿಲಿಗೆ ಬಂದು ನೋಡಿದರು. ಲಾರಿಯ ಸದ್ದಿಗೆ ಪ್ರೂಫಣ್ಣ ತಿರುಗಿಯೂ ನೋಡದೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಲಾರಿಯೂ ನಿಂತಿತು. ಅವನು ನಡೆದ, ಅದೂ ನಡೆಯಿತು. ಪಾದಚಾರಿಗಳಿಗೆ ಇಷ್ಟು ಮರ್ಯಾದೆ ಕೊಡುವ ಡ್ರೈವರುಗಳೂ ಇದ್ದಾರಲ್ಲ ಎಂದುಕೊಳ್ಳುತ್ತ ಅವನು ಮೇಡಮ್ ಮನೆಯ ಒಳಗೆ ಹೋದ.

ಹಿಂದೆ ಬಂದವರು ಕಾಂಪೌಂಡಿನ ಬಳಿ ನಿಂತರು. ಭಾವಮೈದ ಟೇಪು ಬಿಚ್ಚಿದ.

"ಜಾಗ ಚೆನ್ನಾಗಿದೆ. ಈ ಹಳೇ ಮನೆ ಕೆಡವಬೇಕು, ಅಷ್ಟೆ."

ತೆರೆದ ಕಿಟಕಿಯಿಂದ ಒಂದು ಮುದಿ ದನಿ ಕೇಳಿಸಿತು. "ಎರಡು ಫ್ಲಾಟ್ ಇದೆ, ನೆನಪಿಟ್ಕೊಳ್ಳಿ. ಹೂಂ, ಶುರು ಮಾಡಿ."

ಹೆಂಡತಿಗೆ ಇನ್ನು ತಡೆಯಲಾಗಲಿಲ್ಲ. ಕಿಟಕಿಯ ಸರಳು ಹಿಡಿದು ಇಣುಕಿದಳು. ದೊಡ್ಡದೊಂದು ಕರಿ ಪೆಟ್ಟಿಗೆಯ ಮುಂದೆ ಅವಳ ಗಂಡ ಬೆನ್ನು ಬಾಗಿಸಿ ಕೂತಿದ್ದ. ಪರೀಕ್ಷೆಗೆ ಕೂತ ಮಕ್ಕಳ ಹಾಗೆ ನಾಲಗೆಯ ತುದಿ ಹೊರಗೆ ಬಂದಿತ್ತು.

"ರೀ" ಎಂದಳು ಅವಳು.

ಪ್ರೂಫಣ್ಣ ಓರೆಗಣ್ಣಲ್ಲಿ ನೋಡಿದ. ಹೆಂಡತಿ. ಅವಳ ಹಿಂದೆ ಓನರ ಮೀಸೆ. ಈಗ ಕೈ ನಿಂತರೆ ಮುಗಿಯಿತು, ಈ ಸಂಜೆ ಮತ್ತೆ ಶುರು ಮಾಡುವ ಧೈರ್ಯ ಅವನಿಗಿರಲಿಲ್ಲ. ಅವನು ಕಣ್ಣನ್ನು ಹಾಳೆಗೆ ತಿರುಗಿಸಿ ಮುಂದಕ್ಕೆ ಹೋದ.

"ಭಾವ, ಇದೇನಿದು? ಸೈಟೆಲ್ಲಿ?" ಎಂದು ಭಾವಮೈದ ಬಾಗಿಲಲ್ಲಿ ನಿಂತು ಕೇಳಿದ. ಪ್ರೂಫಣ್ಣ ಮುಂದಕ್ಕೆ ಹೋದ. ಎಡಗೈಯಲ್ಲೊಂದು ಸ್ವರ ತಪ್ಪಿತು. ಆದರೂ ಮುಂದಕ್ಕೆ ಹೋದ. ಹೊರಗೆ ಕಾದು ಕಾದು ಬೇಸತ್ತ ಡ್ರೈವರ್, ಸೈಟ್ ಇದೇ ಇರಬೇಕೆಂದು ಲಾರಿಯ ಹಿಂಬದಿ ಎತ್ತಿಬಿಟ್ಟ. ಒಂದು ಲಾರಿ ಜಲ್ಲಿ ಧಡಧಡನೆ ಮೇಡಮ್ ಅಂಗಳಕ್ಕೆ ಸುರಿಯಿತು. ಗೋಡೆ ಅದುರಿತು, ಕಿಟಕಿಯಿಂದ ಧೂಳು ನುಗ್ಗಿತು. ಪ್ರೂಫಣ್ಣ ಧೂಳಿನಲ್ಲೇ ಕಣ್ಣು ಕಿರಿದು ಮಾಡಿಕೊಂಡು ಕೊನೆಯ ಸಾಲು ನುಡಿಸಿ, ಕೊನೆಯ ಸ್ವರದ ಮೇಲೆ ಬೆರಳು ಒತ್ತಿ ಹಿಡಿದು, ಅದು ಪೂರ್ತಿ ಅಡಗಿದ ಮೇಲೆ ಕೈ ಎತ್ತಿದ.

ಮೇಡಮ್ ತಲೆ ಓರೆ ಮಾಡಿಕೊಂಡು ಕೂತಿದ್ದರು.

"ಎಡಗೈ ಒಂದು ಕಡೆ ಜಾರಿತು, ಅದು ನಿಮ್ಮದು. ಹೋಗಲಿ. ಬಲಗೈ, ಎರಡನೇ ಸಾಲಿನ ಕೊನೇ ಸ್ವರ ತಪ್ಪು."

"ಕ್ಷಮಿಸಿ" ಎಂದು ಪ್ರೂಫಣ್ಣ ಅಭ್ಯಾಸಬಲದಿಂದ ಹಾಳೆಗೆ ಮುಖ ಹಚ್ಚಿದ. ನೋಡಿದ. ಇನ್ನೊಮ್ಮೆ ನೋಡಿದ. "ಮೇಡಮ್, ಇಲ್ಲಿ ಹಾಗೇ ಇದೆ."

"ಎಲ್ಲಿದೆ?"

"ಮೂರನೇ ಗೆರೆ ಮೇಲೆ."

"ನಾನು ಬರೆದದ್ದು ಗೆರೆ ಕೆಳಗೆ, ಸಂದಿಯಲ್ಲಿ" ಎಂದರು ಮೇಡಮ್. ಅವರ ದನಿಯಲ್ಲಿ ನಗು ಸೇರಿಕೊಂಡಿತ್ತು. "ಹಾಗಾದ್ರೆ ಈ ತಪ್ಪು ನಿಮ್ಮದಲ್ಲ. ಪ್ರೂಫಿನದು. ಇದ್ದದ್ದನ್ನ ಇದ್ದ ಹಾಗೆ ಓದಿದ್ದೀರಿ."

ಪ್ರೂಫಣ್ಣ ಕಿವಿಯಿಂದ ಕೆಂಪು ಪೆನ್ಸಿಲ್ ತೆಗೆದ. ಅವನು ಆವರೆಗೆ ಹಿಡಿದ ತಪ್ಪುಗಳನ್ನು ಸಾಲಾಗಿ ನಿಲ್ಲಿಸಿದ್ದರೆ ಊರು ಸುತ್ತಿ ಬರುತ್ತಿದ್ದವೇನೋ. ಆದರೆ ಆ ಒಂದು ಗುಂಡಿಗೆ ಹಾಕಿದಷ್ಟು ಜೋಪಾನವಾಗಿ ಅವನು ಹಿಂದೆಂದೂ ಸುತ್ತು ಹಾಕಿರಲಿಲ್ಲ.

ಅಷ್ಟರಲ್ಲಿ ಎಲ್ಲರೂ ಒಳಗೆ ಬಂದಾಗಿತ್ತು. ಕಾಲಸದ್ದು ಕೇಳಿ ಮೇಡಮ್ ಎದ್ದು ಓನರ ಮುಂದೆ ನಿಂತರು. "ನೀವೇ ಇವರ ಮನೆಯವರಾ? ಬಾಮ್ಮ, ಕೂತ್ಕೋ" ಎಂದರು. ಓನರ ಮೀಸೆ ಅಲುಗಿತು. ಅವರು ಬಾಯಿ ತೆರೆಯುವ ಮೊದಲೇ ಪ್ರೂಫಣ್ಣನ ಹೆಂಡತಿ ಅವರನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, "ಹೂಂ ಮೇಡಮ್, ನಾನೇ" ಎಂದಳು. ಅವಳಿಗೆ ಒಂದು ನೋಟದಲ್ಲೇ ತಿಳಿದುಹೋಗಿತ್ತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಜೀವಮಾನದಲ್ಲಿ ಅವಳು ಉಳಿಸಿಕೊಂಡ ಮೊದಲ ಗುಟ್ಟು ಅದು.

ಆಮೇಲೆ ಗಂಡನ ಕಡೆ ತಿರುಗಿದಳು.

"ಸೈಟು?"

"ಸೈಟ್ ರೀಡಿಂಗು. ಅಂದ್ರೆ, ನೋಡಿದ ಕೂಡ್ಲೇ ಓದಿ ನುಡಿಸೋದು."

"ಫ್ಲಾಟು?"

ಪ್ರೂಫಣ್ಣ ಹಾಳೆಯ ಮೊದಲಲ್ಲಿದ್ದ ಒಂದು ಪುಟ್ಟ ಚಿಹ್ನೆಯ ಮೇಲೆ ಬೆರಳಿಟ್ಟ.

"ಎರಡು ಅಂದ್ರಲ್ಲ."

"ಅದರ ಪಕ್ಕದಲ್ಲಿ ಇನ್ನೊಂದಿದೆ ನೋಡು."

ಭಾವಮೈದ ಬಗ್ಗಿ ಹಾಳೆಯನ್ನು ದಿಟ್ಟಿಸಿ ನೋಡಿದ. ಕೈಯಲ್ಲಿದ್ದ ಟೇಪು ತಾನೇ ಸುರ್ರೆಂದು ಸುತ್ತಿಕೊಂಡಿತು. "ಇದರಲ್ಲಿ ಬಾತ್‌ರೂಮೂ ಆಗಲ್ಲ ಭಾವ" ಎಂದ.

ದಾರಿಯುದ್ದಕ್ಕೂ ಹೆಂಡತಿ ಮಾತಾಡಲಿಲ್ಲ. ಮರುದಿನವೂ ಇಲ್ಲ. ಊಟಕ್ಕೆ ಕರೆಯಬೇಕಾದರೆ ಗೋಡೆ ಗಡಿಯಾರವನ್ನು ನೋಡಿ, "ಊಟ ಆಗಿದೆ" ಎನ್ನುವಳು. ಆಗಿದೆಯೋ ಆಗಬೇಕಿದೆಯೋ ಎಂದು ತಿದ್ದುವ ಧೈರ್ಯ ಪ್ರೂಫಣ್ಣನಿಗಾಗಲಿಲ್ಲ. ಓನರು ಮತ್ತೆ ಟವೆಲ್ಲನ್ನು ಹೆಗಲಿಗೇರಿಸಿಕೊಂಡು ಮೇಲೆ ಬಂದು, ಕ್ಯಾಷಿಯರಿಗೆ ಮಾತು ಕೊಟ್ಟಾಗಿದೆ, ತಿಂಗಳ ಕೊನೆಗೆ ಖಾಲಿ ಮಾಡಬೇಕಪ್ಪಾ ಎಂದು ಹೇಳಿ ಹೋದರು. ಸೈಟೂ ಇಲ್ಲ, ಫ್ಲಾಟೂ ಇಲ್ಲ, ಇದ್ದ ಬಾಡಿಗೆ ಮನೆಯೂ ಕೈಬಿಟ್ಟಿತು.

ಪುಸ್ತಕ ಮಾತ್ರ ಶಾಲೆ ತೆರೆಯುವ ಹಿಂದಿನ ದಿನ ಬಂತು. ತೆಳ್ಳಗೆ, ಬೂದು ರಟ್ಟಿನದು. ಇನ್ನೂ ಮಸಿಯ ವಾಸನೆ ಆರಿರದ ಮೊದಲ ಪ್ರತಿಯನ್ನು ಪ್ರೂಫಣ್ಣ ಕೊಡಲು ಹೋದಾಗ ಮೇಡಮ್ ಮನೆಯಲ್ಲಿ ಅವನ ಹೆಂಡತಿ ಕೂತಿದ್ದಳು. ಅವಳು ಅವನನ್ನು ಕೇಳಿ ಬಂದಿರಲಿಲ್ಲ.

"ಆಪರೇಷನ್ನಿಗೆ ಭಯ ಅಂತ ಕಣ್ಣೇ ಕಳ್ಕೊಳ್ತೀರಾ ಮೇಡಮ್? ನಾನು ಜೊತೇಲಿ ಬರ್ತೀನಿ. ಪಟ್ಟಿ ಬಿಚ್ಚೋವರೆಗೂ ನಾನೇ ನೋಡ್ಕೋತೀನಿ" ಎನ್ನುತ್ತಿದ್ದಳು.

"ನಿನಗೆ ಅಲ್ಲಿಂದ ಇಲ್ಲಿಗೆ ಓಡಾಟ ಆಗುತ್ತಲ್ಲಮ್ಮ."

"ಅಲ್ಲಿ ಅಂತ ಈಗ ಎಲ್ಲಿದೆ?"

ಹಾಗೆ ಮೇಡಮ್ ಮನೆಯ ಹಿಂಬದಿಯ ಎರಡು ಕೋಣೆಗಳ ಬೀಗ ತೆಗೆದು ಗಂಡ ಹೆಂಡತಿ ಅಲ್ಲಿಗೆ ಬಂದದ್ದಾಯಿತು. ಶಾಲೆಗೆ ಮೇಡಮ್ ರಜ ಬರೆದರು. ಭಾವಮೈದ ಬಂದು, ಬಿದ್ದಿದ್ದ ಜಲ್ಲಿಯನ್ನು ಗೇಟಿನಿಂದ ಬಾಗಿಲವರೆಗೆ ಹರಡಿ, ತನ್ನ ಮೂರನೆಯ ಕಾಮಗಾರಿ ಮುಗಿಸಿದ.

ಆ ದಿನಗಳನ್ನು ಪ್ರೂಫಣ್ಣ ಮುಂದೆ ಎಷ್ಟೋ ಕಾಲ ನೆನೆಯುತ್ತಿದ್ದ. ಹಗಲು ಪ್ರೆಸ್ಸು. ಸಂಜೆ ಬಂದರೆ ಮುಂದಿನ ಕೋಣೆಯಲ್ಲಿ ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಕೊಂಡು ಕೂತ ಮೇಡಮ್, ಹಿಂದಿನಿಂದ ಒಗ್ಗರಣೆಯ ಸದ್ದು. ಹೆಂಡತಿ ಈಗ ಗಡಿಯಾರ ಬಿಟ್ಟು ಅವನ ಜೊತೆಗೇ ಮಾತಾಡುತ್ತಿದ್ದಳು. ಆದರೂ ಎಲ್ಲೋ ಒಂದೆಳೆ ಬಿಗಿಯಾಗಿಯೇ ಇತ್ತು. ಸೈಟು ಇಲ್ಲವೆಂದು ಬೇಸರವಿರಬೇಕು ಎಂದು ಅವನು ತಿಳಿದಿದ್ದ. ಕೇಳಲು ಅಂಜಿಕೆ.

ಪಟ್ಟಿ ಬಿಚ್ಚುವ ಮುಂಚಿನ ಸಂಜೆ. ಪ್ರೂಫಣ್ಣ ಕೊನೆಯ ಪಾಠವನ್ನು ಮುಂದಿಟ್ಟುಕೊಂಡು ಬಲಗೈಯೊಂದರಲ್ಲೇ ನುಡಿಸುತ್ತಿದ್ದ. ಎಡಗೈ ಕೂಡಿಸಿದರೆ ಇವತ್ತಿಗೂ ಜಗಳವೇ. ಹೆಂಡತಿ ಅಡುಗೆಮನೆಯಿಂದ ಬಂದಳು. ಸೆರಗಿನಲ್ಲಿ ಕೈ ಒರೆಸಿಕೊಂಡು, "ಸ್ವಲ್ಪ ಆ ಕಡೆ ಸರೀರಿ" ಎಂದು ಬೆಂಚಿನ ಎಡತುದಿಯಲ್ಲಿ ಕೂತಳು. ಹಾಳೆಯ ಕಡೆ ನೋಡಲಿಲ್ಲ, ಅದನ್ನು ಓದಲು ಅವಳಿಗೆ ಬರುತ್ತಿರಲಿಲ್ಲ. ಕಿವಿಯಲ್ಲಿ ಕೇಳಿ ಕೇಳಿ ಕಲಿತ ಎಡಗೈಯನ್ನು ತನ್ನ ಪಾಡಿಗೆ ನುಡಿಸತೊಡಗಿದಳು. ಒಗೆದು, ತೊಳೆದು ಒರಟಾದ ಬೆರಳುಗಳು. ಒಂದು ಸ್ವರವೂ ಆಚೀಚೆಯಾಗಲಿಲ್ಲ. ಪ್ರೂಫಣ್ಣ ಹೇಗೋ ಬಲಗೈ ಕೂಡಿಸಿದ. ಮುಗಿಯುವ ತನಕ ಇಬ್ಬರೂ ನಿಲ್ಲಲಿಲ್ಲ. ಪಟ್ಟಿ ಕಟ್ಟಿದ ಕಣ್ಣಿನ ಮೇಡಮ್ ಕುರ್ಚಿಯಲ್ಲಿ ಏನೂ ತಿಳಿಯದವರ ಹಾಗೆ ಕೂತಿದ್ದರು.

"ಯಾವಾಗ ಕಲಿತೆ?" ಎಂದ ಪ್ರೂಫಣ್ಣ.

"ನೀವು ಪ್ರೆಸ್ಸಿಗೆ ಹೋದ್ಮೇಲೆ."

"ನನಗೆ ಒಂದು ಮಾತು ಹೇಳಲಿಲ್ಲವಲ್ಲ."

"ನೀವು ಹೇಳಿದ್ರಾ?"

ಅವಳು ಮುಂದಿದ್ದ ಬಿಳಿ ಮನೆಯೊಂದರ ಮೇಲೆ ಕೂತಿದ್ದ ಧೂಳನ್ನು ಬೆರಳಿನಿಂದ ಒರೆಸಿದಳು.

"ನನಗೇನು ಸೈಟಿನದ್ದೇ ಚಿಂತೆ ಅಂದ್ಕೊಂಡ್ರಾ? ದಿನಾ ಸಂಜೆ ಒಬ್ಬಳೇ ಕೂತಿರ್ತಿದ್ದೆ. ಪಿಯಾನೋ ಕಲೀತಿದ್ದೀನಿ ಬಾ ಅಂದಿದ್ರೆ ನಾನೂ ಬರ್ತಿದ್ದೆ."

ಪ್ರೂಫಣ್ಣ ಬೆಂಚಿನ ಮೇಲೆ ಇನ್ನಷ್ಟು ಬಲಕ್ಕೆ ಸರಿದು ಅವಳಿಗೆ ಜಾಗ ಮಾಡಿಕೊಟ್ಟ. ಪುಸ್ತಕವನ್ನು ತಿರುವಿ ಮೊದಲನೆಯ ಪಾಠ ತೆರೆದ. ಅದು ಮುಗಿದ ಮೇಲೆ ಎರಡನೆಯದು. ಒಲೆಯ ಮೇಲೆ ಇಟ್ಟಿದ್ದು ಆರಿ ತಣ್ಣಗಾಯಿತು. ಅಂದು ಮೂವರಿಗೂ ಊಟ ತೀರಾ ತಡವಾಯಿತು, ಯಾರೂ ಕೇಳಲಿಲ್ಲ.